ಒಂದೂವರೆಯಿಂದ ಎರಡೂವರೆ

ಬಾಯಲ್ಲಿ ನಾಲ್ಕು ಕ್ಲಿಪ್ಪು ಕಚ್ಚಿಕೊಂಡು, ಹೆಗಲ ಮೇಲೆ ಗಂಡನ ಒದ್ದೆ ಪ್ಯಾಂಟು ಹಾಕಿಕೊಂಡು ದಿಂಬಿನಕ್ಕ ಅಂಗಳದ ಹಗ್ಗಕ್ಕೆ ಬಟ್ಟೆ ಒಣಹಾಕುತ್ತಿದ್ದಳು. ಗೇಟಿನ ಮುಂದೆ ಸ್ಕೂಟರೊಂದು ಬಂದು ನಿಂತಿತು. ಬೆಳಗ್ಗೆ ಏಳೂವರೆಗೆ ಹುಡುಕಿಕೊಂಡು ಬರುವವರು ಹೊಗಳುವುದಕ್ಕೆ ಬಂದಿರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬಂದವನು ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನ ಮ್ಯಾನೇಜರು. ಕಂಕುಳಲ್ಲಿ ದೊಡ್ಡದೊಂದು ಬಟ್ಟೆಗಂಟು.

"ಅಕ್ಕಾ, ಒಂದು ಅನುಮಾನ. ಕೇಳ್ಲಾ? ಬೇಜಾರು ಮಾಡ್ಕೋಬಾರದು."

ಬಾಯಲ್ಲಿ ಕ್ಲಿಪ್ಪು ಇದ್ದುದರಿಂದ ಅವಳು ತಲೆಯಾಡಿಸಿದಳು.

"ದಿಂಬನ್ನ ಯಾವ ಕಡೆಯಿಂದ ಒಳಗೆ ತುರುಕೋದು?"

ಅವನು ಗಂಟಿನಿಂದ ಬಿಳಿ ಕವರೊಂದನ್ನು ತೆಗೆದು ಕೊಟ್ಟ. ದಿಂಬಿನಕ್ಕ ಅದನ್ನು ಒಂದು ಸುತ್ತು ತಿರುಗಿಸಿದಳು. ಇನ್ನೊಂದು ಸುತ್ತು ತಿರುಗಿಸಿದಳು. ನಾಲ್ಕು ಕಡೆಯೂ ಅಚ್ಚುಕಟ್ಟಾದ ಹೊಲಿಗೆ, ಒಂದೇ ಒಂದು ದಾರ ಹೊರಗೆ ಬಂದಿಲ್ಲ. ಕವರಿಗೆ ಬಾಯಿಯೇ ಇಲ್ಲ. ಅವಳ ಬಾಯಿ ತೆರೆದುಕೊಂಡಿತು, ನಾಲ್ಕು ಕ್ಲಿಪ್ಪೂ ನೆಲಕ್ಕೆ ಬಿದ್ದವು.

"ಇದೊಂದೇನಾ?"

"ಅರವತ್ತರಲ್ಲಿ ನಲವತ್ತೆರಡು. ಹೊಲಿಗೆ ಮಾತ್ರ ಬಹಳ ಗಟ್ಟಿ ಅಕ್ಕಾ. ಎಳೆದು ನೋಡಿದೆ, ನನ್ನ ಉಗುರು ಕಿತ್ತು ಬಂತೇ ಹೊರತು ದಾರ ಬರಲಿಲ್ಲ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಲಾಡ್ಜಿಗೆ, ಎರಡು ಹಾಸ್ಟೆಲಿಗೆ, ಒಂದು ನರ್ಸಿಂಗ್ ಹೋಮಿಗೆ ಅವಳು ಹನ್ನೊಂದು ವರ್ಷದಿಂದ ದಿಂಬಿನ ಕವರು ಹೊಲಿಯುತ್ತಿದ್ದಳು. ಬೀದಿಯವರು ಅವಳಿಗೆ ದಿಂಬಿನಕ್ಕ ಎಂದು ಹೆಸರಿಟ್ಟಿದ್ದೇ ಅದಕ್ಕೆ. ಮೂರು ಕಡೆ ಕೂಡಿಸಿ ಹೊಲಿದು, ಒಳಗನ್ನು ಹೊರಗೆ ಮಗುಚಿ, ಬಾಯಿಯ ಅಂಚನ್ನು ಸುತ್ತಲೂ ಮಡಿಸಿ ಹೊಲಿಯಬೇಕು. ಕಣ್ಣು ಮುಚ್ಚಿ ಮಾಡಬಹುದಾದ ಕೆಲಸ. ಕಣ್ಣು ಮುಚ್ಚಿಯೇ ಮಾಡಿದ್ದಳು ಎಂದು ಕಾಣುತ್ತದೆ. ಬಾಯಿಯ ಎರಡು ಪದರವನ್ನೂ ಒಟ್ಟಿಗೆ ಸೇರಿಸಿ ಹೊಲಿದಿದ್ದಳು, ಅದೂ ನಲವತ್ತೆರಡು ಸಲ. ಅದರಲ್ಲಿ ಒಂದನ್ನು ಹೊಲಿದದ್ದೂ ಅವಳಿಗೆ ನೆನಪಿರಲಿಲ್ಲ. ಭಯವಾದದ್ದು ಅದಕ್ಕೆ.

"ಮಾಲೀಕರು ನೋಡಿದ್ರಾ?"

"ಇಲ್ಲ ಇಲ್ಲ. ನಾನೇ ಮುಚ್ಚಿಟ್ಕೊಂಡು ತಂದೆ. ಶನಿವಾರ ಮೇಷ್ಟ್ರುಗಳ ತಂಡವೊಂದು ಬರ್ತಿದೆ, ಅಷ್ಟರೊಳಗೆ ಕೊಟ್ರೆ ಸಾಕು. ಆದ್ರೆ ಅಕ್ಕಾ, ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಮುಚ್ಚಿಡೋಕೆ ಆಗಲ್ಲ. ಬೇರೆಯವರಿಗೆ ಕೊಡು ಅಂತಾರೆ."

ಅವನು ಹೋದ ಮೇಲೆ ದಿಂಬಿನಕ್ಕ ಕ್ಲಿಪ್ಪು ಹೆಕ್ಕಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಅತ್ತೆ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದರು. ಅತ್ತೆ ಮೂವತ್ತು ವರ್ಷ ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ ಆಗಿದ್ದವರು. ನಿವೃತ್ತಿಯಾಗಿ ಆರು ವರ್ಷವಾಗಿದ್ದರೂ ಅವರ ನಡಿಗೆ, ಮಾತು, ನೋಟ ಯಾವುದೂ ನಿವೃತ್ತಿಯಾಗಿರಲಿಲ್ಲ. ಅಂಗಳದ ಮಾತನ್ನೆಲ್ಲ ಕಿಟಕಿಯಿಂದಲೇ ಕೇಳಿಸಿಕೊಂಡಿದ್ದರು.

"ಇಲ್ಲಿ ಬಾ. ಬೆಳಕಿಗೆ ನಿಂತ್ಕೋ. ಕೆಳಗಿನ ರೆಪ್ಪೆ ಎಳಿ."

ದಿಂಬಿನಕ್ಕ ಎಳೆದಳು.

"ಏಳೋದು ಎಷ್ಟು ಹೊತ್ತಿಗೆ?"

"ನಾಲ್ಕೂವರೆ. ಅವರು ಐದಕ್ಕೆ ಡಿಪೋಗೆ ಹೋಗ್ಬೇಕಲ್ಲ."

"ಮಲಗೋದು?"

"ಕೆಲಸ ಮುಗಿದಾಗ."

"ಮುಗಿಯೋದು ಯಾವಾಗ?"

ದಿಂಬಿನಕ್ಕ ನಕ್ಕಳು.

"ನಗಬೇಡ. ನಗುನಗ್ತಾ ಬಂದು ಮಂಚ ಹಿಡಿದವರನ್ನ ನಾನು ಬಹಳ ಜನ ನೋಡಿದ್ದೀನಿ" ಎಂದು ಅತ್ತೆ ಮತ್ತೆ ಆಲೂಗಡ್ಡೆಗೆ ಕೈ ಹಾಕಿದರು.

ಬಸ್ ಡ್ರೈವರನಾದ ಗಂಡನಿಗೆ ಆ ದಿನ ಸಂಜೆಯ ಪಾಳಿ ಇರಲಿಲ್ಲ. ಬೇಗ ಊಟ ಮುಗಿಸಿ ನಾಲ್ವರೂ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಹೊಲಿಗೆ ಬಿಚ್ಚಲು ಕೂತರು. ಗಂಡನ ಕೈಯಲ್ಲಿ ಗಡ್ಡ ಹೆರೆಯುವ ಬ್ಲೇಡು, ಅತ್ತೆಯ ಕೈಯಲ್ಲಿ ಸಣ್ಣ ಕತ್ತರಿ. ಬಿಚ್ಚಿದ ಕಡೆ ಉಳಿದ ದಾರದ ತುಣುಕುಗಳನ್ನು ಕೀಳುವ ಕೆಲಸ ಮಗಳದು. ಎಂಟು ವರ್ಷದ ಆ ಹುಡುಗಿಯನ್ನು ಮನೆಯವರು ಕರೆಯುತ್ತಿದ್ದುದು ಸಾಸಿವೆ ಎಂದು. ನೋಡಲು ಅಷ್ಟೇ ಗಾತ್ರ, ಕಾದರೆ ಚಟಪಟ ಸಿಡಿಯುತ್ತಿದ್ದಳು.

"ಅಪ್ಪಾ, ಬಾಯಿ ಬಿಡಿಸಿದ ಮೇಲೆ ಇದು ಮಾತಾಡುತ್ತಾ?"

"ಆಡದೆ ಏನು? ಮೊದಲು ನಿಮ್ಮಮ್ಮನ್ನ ಬೈಯುತ್ತೆ."

"ಬೈಯಲಿ ಬಿಡಿ, ಅದಾದ್ರೂ ನನ್ನ ಜೊತೆ ನಾಲ್ಕು ಮಾತಾಡಲಿ" ಎಂದಳು ದಿಂಬಿನಕ್ಕ.

ಹತ್ತು ಹನ್ನೆರಡು ಕವರಿನವರೆಗೆ ನಗುವಿನಲ್ಲೇ ಸಾಗಿತು. ಆಮೇಲೆ ಗಂಡ ಬ್ಲೇಡು ಕೆಳಗಿಟ್ಟು ಬೆರಳು ಹಿಸುಕಿಕೊಂಡ.

"ಅಲ್ಲ, ಮಧ್ಯಾಹ್ನ ಒಂದರ್ಧ ಗಂಟೆ ಅಡ್ಡಾಗಬಾರದಾ ನೀನು?"

ಅಷ್ಟು ಸಣ್ಣ ಮಾತಿಗೆ ಮೂವರೂ ತಲೆಯೆತ್ತಿ ಅವನನ್ನೇ ನೋಡಿದರು.

ಯಾಕೆಂದರೆ ಆ ಮನೆಯಲ್ಲಿ ಹಗಲು ಹೊತ್ತು ಯಾರೂ ಮಲಗುತ್ತಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಒಂದು ಭಾನುವಾರ ಮಾವ ಹೊಟ್ಟೆ ತುಂಬ ಉಂಡು, "ಹತ್ತು ನಿಮಿಷ ಅಡ್ಡಾಗ್ತೀನಿ" ಎಂದು ಚಾಪೆಯ ಮೇಲೆ ಮಲಗಿದವರು ಮತ್ತೆ ಏಳಲಿಲ್ಲ. ಚಹಾ ಆಗಿದೆ ಎಂದು ಎಬ್ಬಿಸಲು ಹೋದವಳು ಸಾಸಿವೆ. "ತಾತ ಆಟ ಆಡ್ತಿದ್ದಾರೆ, ಕಣ್ಣೇ ಬಿಡ್ತಿಲ್ಲ" ಎಂದು ನಗುತ್ತ ಬಂದು ಹೇಳಿದ್ದಳು. ಬಂದವರೆಲ್ಲ "ಪುಣ್ಯವಂತರು, ಮಲಗಿದವರು ಹಾಗೇ ಹೋಗಿಬಿಟ್ಟರು" ಎಂದರು. ಮಾರನೆಯ ದಿನದಿಂದ ಅತ್ತೆ ಮಧ್ಯಾಹ್ನ ಊಟವಾದ ಕೂಡಲೇ ಸ್ಟೂಲು ಹಾಕಿಕೊಂಡು, ಗೋಡೆಗೂ ಒರಗದೆ, ಬೆನ್ನು ನೆಟ್ಟಗೆ ಮಾಡಿ ಕೂರತೊಡಗಿದರು. ಅವರು ಕೂತಿರುವಾಗ ಉಳಿದವರು ಕಾಲು ಚಾಚುವುದು ಹೇಗೆ? ದಿಂಬಿನಕ್ಕ ಮಿಷಿನ್ನಿನ ಮುಂದೆ ಕೂತಳು. ಚಾಪೆಗಳು ಬೆಳಗಾಗುತ್ತಲೇ ಸುರುಳಿಯಾಗಿ ಬೀರುವಿನ ಹಿಂದೆ ಸೇರಿದವು.

"ಅಡ್ಡಾಗೋದಾ? ಈ ಮನೇಲಾ?" ಎಂದಳು ದಿಂಬಿನಕ್ಕ.

"ಹಾಗಲ್ಲ, ಡಿಪೋದಲ್ಲಿ ನಾವೆಲ್ಲ…" ಎಂದವನು ನಾಲಿಗೆ ಕಚ್ಚಿಕೊಂಡ.

"ನೀವೆಲ್ಲ?"

"ರೆಸ್ಟ್ ರೂಮಿದೆ. ಎರಡು ಪಾಳಿ ಮಧ್ಯೆ ಮಲಗಬೇಕು ಅಂತ ನಿಯಮ ಇದೆ."

"ಅಂದ್ರೆ ಒಂದೂವರೆ ವರ್ಷದಿಂದ ನೀವು ಮಧ್ಯಾಹ್ನ ಊಟಕ್ಕೆ ಮನೆಗೆ ಬರದೆ ಇದ್ದದ್ದು…"

"ಮಲಗೋಕೆ!" ಎಂದಳು ಸಾಸಿವೆ.

"ಟ್ರಾಫಿಕ್ಕು ಅಂತ ಹೇಳ್ತಿದ್ರಲ್ಲ?"

"ಟ್ರಾಫಿಕ್ಕೂ ಇರುತ್ತೆ."

ದಿಂಬಿನಕ್ಕನಿಗೆ ರೇಗಿತು. "ನಾನಿಲ್ಲಿ ಡಬ್ಬಿ ತುಂಬಿಸಿ ಕಳಿಸ್ತೀನಿ, ನೀವು ಉಂಡು ಅಲ್ಲೇ ಗೊರಕೆ ಹೊಡೀತೀರಾ. ನಿಮ್ಮನ್ನ ಮಲಗಿಸೋಕೆ ಒಂದು ನಿಯಮ ಇದೆಯಲ್ಲ ರೀ, ನನಗೆ ಯಾವ ನಿಯಮ ಇದೆ?"

"ಅಮ್ಮನ ಮುಂದೆ ಮಲಗೋಕೆ ನನ್ನ ಕೈಲಿ ಆಗಲ್ಲ" ಎಂದ ಅವನು, ತಾಯಿಯ ಮುಖ ನೋಡದೆ.

ಅತ್ತೆ ಕತ್ತರಿ ನಿಲ್ಲಿಸಿದರು. "ಯಾರೂ ಮಲಗಬೇಡಿ ಅಂತ ನಾನು ಯಾವತ್ತು ಅಂದೆ?"

"ನೀನು ಅನ್ನಲಿಲ್ಲ ಅಮ್ಮಾ. ಕೂತ್ಕೊಂಡೆ ಅಷ್ಟೆ."

ಅತ್ತೆ ಉಳಿದ ಕವರುಗಳ ಬಾಯನ್ನು ಒಂದೊಂದಾಗಿ, ದಾರ ಮಾತ್ರ ಕತ್ತರಿಸಿ ಬಟ್ಟೆಗೆ ಗಾಯವಾಗದ ಹಾಗೆ ಬಿಡಿಸಿದರು. ಕೊನೆಯದು ಮುಗಿದ ಮೇಲೆ ಮಡಿಲಿನ ದಾರ ಕೊಡವಿ ಎದ್ದು, "ನಾಳೆಯಿಂದ ಒಂದೂವರೆಯಿಂದ ಎರಡೂವರೆ ವಾರ್ಡ್ ಬಂದ್" ಎಂದರು. "ರೋಗಿ ಒಬ್ಬಳೇ. ಒಳಗೆ ಬರೋ ಹಾಗಿಲ್ಲ, ಕೂಗೋ ಹಾಗಿಲ್ಲ, ಎಬ್ಬಿಸೋ ಹಾಗಿಲ್ಲ."

ಗುರುವಾರ ಮಧ್ಯಾಹ್ನ ಹೇಳಿದ ಹೊತ್ತಿಗೆ ಸರಿಯಾಗಿ ಅತ್ತೆ ಬೀರುವಿನ ಹಿಂದಿನಿಂದ ಚಾಪೆ ತೆಗೆದು ಹಾಸಿದರು. ಮುಂಬಾಗಿಲು ಅರ್ಧ ಹಾಕಿ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು. ದಿಂಬಿನಕ್ಕ ಮಲಗಿದಳು. ಮಲಗಿದ್ದು ಮೈ ಮಾತ್ರ. ಕಿವಿ ಎದ್ದು ಮನೆಯೆಲ್ಲ ಓಡಾಡುತ್ತಿತ್ತು. ಹಾಲು ಮುಚ್ಚಿದೆನಾ, ಒಣಗಿದ ಬಟ್ಟೆ ತೆಗೆಯಬೇಕಿತ್ತಾ, ನಲ್ಲಿ ತೊಟ್ಟಿಕ್ಕುತ್ತಿದೆಯಾ?

ಅಷ್ಟರಲ್ಲಿ ಎದುರುಮನೆಯ ಟೀಚರು ಬಂದರು.

"ಒಂದು ಜಿಪ್ಪು ಹಾಕಿಸ್ಕೋಬೇಕಿತ್ತು. ಎರಡೇ ನಿಮಿಷದ ಕೆಲಸ."

"ಎರಡೂವರೆ ಮೇಲೆ ಬಾಮ್ಮ" ಎಂದರು ಅತ್ತೆ.

"ಒಳಗೇ ಇದ್ದಾರಲ್ಲ! ಕಾಲು ಕಾಣ್ತಾ ಇದೆ."

"ಕಾಲು ಮಲಗಿದೆ."

"ಅಯ್ಯೋ, ಹುಷಾರಿಲ್ವಾ?"

"ಹುಷಾರಾಗಿದ್ದಾಳೆ. ಹಾಗೇ ಇರ್ಲಿ ಅಂತ ಮಲಗಿಸಿದ್ದೀನಿ."

ಹೊದಿಕೆಯೊಳಗೆ ದಿಂಬಿನಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಿದ್ದ ಹಾಗೆ ಕಣ್ಣಿನಲ್ಲಿ ನೀರೂ ಬಂತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳು ಎಲ್ಲರ ನಿದ್ದೆ ಕಾದಿದ್ದಳು. ಗಂಡನ ಪಾಳಿಯ ನಿದ್ದೆ, ಕೂಸಿನ ತೊಟ್ಟಿಲ ನಿದ್ದೆ, ಮಾವನ ಮಧ್ಯಾಹ್ನದ ನಿದ್ದೆ. ತನ್ನ ನಿದ್ದೆಗೆ ಒಬ್ಬರು ಬಾಗಿಲಲ್ಲಿ ಕೂತು ಕಾವಲಿರುತ್ತಾರೆ ಎಂದು ಎಣಿಸಿರಲಿಲ್ಲ.

ಬೀದಿಯನ್ನು ಅತ್ತೆ ತಡೆದರು. ಸಾಸಿವೆ ಒಳಗೇ ಇದ್ದಳು. ಅವಳ ಶಾಲೆ ಹನ್ನೆರಡೂವರೆಗೇ ಬಿಡುತ್ತಿತ್ತು.

"ಅಮ್ಮಾ, ರಬ್ಬರ್ ಎಲ್ಲಿ?"

"ನಿನ್ನ ಡಬ್ಬೀಲಿ."

ಐದು ನಿಮಿಷವಾಯಿತು.

"ಅಮ್ಮಾ, ನೀರು ಕುಡೀಲಾ?"

"ಅದನ್ನೂ ಕೇಳ್ತಾರಾ? ಕುಡಿ ಹೋಗು."

ಕಣ್ಣು ಎಳೆಯುತ್ತಿತ್ತು. ಇನ್ನೇನು ಜೊಂಪು ಹತ್ತಬೇಕು.

"ಅಮ್ಮಾ, ಎಂಟೇಳ್ಲಿ ಎಷ್ಟು?"

"ಸಾಸಿವೇ!"

ಅತ್ತೆ ಸ್ಟೂಲಿನಿಂದಲೇ ಗದರಿದರು. "ವಾರ್ಡ್ ಹೊತ್ತಲ್ಲಿ ಪ್ರಶ್ನೆ ಕೇಳೋ ಹಾಗಿಲ್ಲ. ಏನಿದ್ರೂ ಎರಡೂವರೆ ಮೇಲೆ."

ಎರಡೂವರೆಗೆ ದಿಂಬಿನಕ್ಕ ಎದ್ದು ಮಗಳನ್ನು ಕರೆದಳು. "ಬಾ, ಈಗ ಕೇಳು. ಏನಿತ್ತು?"

"ಏನೂ ಇಲ್ಲ" ಎಂದು ಸಾಸಿವೆ ಪುಸ್ತಕಕ್ಕೆ ಮುಖ ಹಾಕಿದಳು.

ಶುಕ್ರವಾರ ಸಂಜೆಯೇ ಕವರುಗಳು ಲಾಡ್ಜಿಗೆ ಹೋದವು. ನಲವತ್ತೆರಡಕ್ಕೂ ಬಾಯಿ ಇತ್ತು. ಮ್ಯಾನೇಜರು ಒಂದೊಂದರೊಳಗೂ ಕೈ ಹಾಕಿ ನೋಡಿ, ಕೊನೆಗೆ ಕೈ ಮುಗಿದ.

ಮುಂದಿನ ವಾರದಿಂದ ಗಂಡ ಮಧ್ಯಾಹ್ನ ಮನೆಗೆ ಬರತೊಡಗಿದ. ಮೊದಲ ದಿನ ತಾಯಿಯ ಎದುರು ಕಳ್ಳನ ಹಾಗೆ ಗೋಡೆ ಬದಿಗೆ ಮುದುಡಿಕೊಂಡು ಮಲಗಿದ. ಎರಡನೆಯ ದಿನ ಅಂಗಾತ ಮಲಗಿದ. ಮೂರನೆಯ ದಿನ ಅವನ ಗೊರಕೆಗೆ ಬೆಕ್ಕು ಎದ್ದು ಹೊರಗೆ ಹೋಯಿತು. ಬಿಟ್ಟಿ ಮಲಗಬಾರದು ಎಂದು ಅನ್ನಿಸಿತೋ ಏನೋ, ಊಟದ ಪಾತ್ರೆ ತಾನೇ ತೊಳೆಯುತ್ತೇನೆಂದು ಹಟ ಹಿಡಿದ. ಆ ದಿನ ಮಧ್ಯಾಹ್ನದ ಚಹಾ ಬಾಯಿಗಿಟ್ಟ ಅತ್ತೆ ಲೋಟವನ್ನು ದೂರ ಹಿಡಿದರು.

"ಇದನ್ನ ಕುಡಿದ್ರೆ ಹೊಟ್ಟೆಯೊಳಗೆ ನೊರೆ ಬರುತ್ತೆ. ಪಾತ್ರೆಗೆ ಎರಡನೇ ನೀರು ಕಾಣಿಸ್ಲೇ ಇಲ್ವೇನೋ?"

"ಬಸ್ಸು ತೊಳೆಯೋ ಹಾಗೇ ತೊಳೆದೆ."

"ಬಸ್ಸಲ್ಲಿ ಯಾರೂ ಚಹಾ ಕುಡಿಯಲ್ಲ ಅಪ್ಪಾ" ಎಂದಳು ಸಾಸಿವೆ.

ದಿಂಬಿನಕ್ಕ ಎದ್ದು ಹೋಗಿ ಎಲ್ಲವನ್ನೂ ಮತ್ತೆ ತೊಳೆಯಲು ಹೊರಟಳು. ಅತ್ತೆ ಅವಳ ಸೆರಗು ಹಿಡಿದು ಕೂರಿಸಿದರು. "ಅವನೇ ತೊಳೀಲಿ. ಎರಡು ದಿನ ಸೋಪು ಕುಡಿದ್ರೆ ಯಾರೂ ಸಾಯಲ್ಲ." ಗಂಡ ಗೊಣಗುತ್ತಲೇ ಇನ್ನೊಮ್ಮೆ ತೊಳೆದ. ವಾರ ಕಳೆಯುವಷ್ಟರಲ್ಲಿ ಚಹಾಕ್ಕೆ ಚಹಾದ ರುಚಿ ಬಂತು.

ಆದರೂ ದಿಂಬಿನಕ್ಕನಿಗೆ ಮಲಗುವುದು ರೂಢಿಯಾಗಲಿಲ್ಲ. ಹಾಸ್ಟೆಲಿನಿಂದ ಅವಸರದ ಕೆಲಸ ಬಂದ ದಿನ, "ಇವತ್ತೊಂದಿನ ಬಿಟ್ಬಿಡಿ ಅತ್ತೆ" ಎಂದು ನೇರ ಮಿಷಿನ್ನಿಗೆ ಹೋಗಿ ಕೂತಳು. ಪೆಡಲು ತುಳಿದಳು. ಕೆಳಗಿನ ಚಕ್ರ ತಿರುಗಿತು, ಮೇಲಿನದು ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ ಬೆಲ್ಟೇ ಇಲ್ಲ. ಅತ್ತೆ ಅದನ್ನು ಬಳೆಯ ಹಾಗೆ ಕೈಗೆ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು.

"ಎರಡೂವರೆಗೆ ಕೊಡ್ತೀನಿ."

"ಅತ್ತೆ, ಇದು ಆಸ್ಪತ್ರೆ ಅಲ್ಲ, ಮನೆ!"

"ಮನೆಯಾಗೇ ಇರ್ಲಿ ಅಂತಾನೇ ಬೆಲ್ಟ್ ಬಿಚ್ಚಿದ್ದು."

"ಹೊತ್ತಿಗೆ ಕೊಡದಿದ್ರೆ ನಾಳೆ ಹಾಸ್ಟೆಲಿನವರಿಗೆ ಉತ್ತರ ಹೇಳೋರು ಯಾರು?"

"ನಾನು ಹೇಳ್ತೀನಿ. ನನ್ನ ಹತ್ರ ಕಳಿಸು."

ದಿಂಬಿನಕ್ಕ ಸಿಟ್ಟಿನಿಂದ ಚಾಪೆ ಹಾಸಿಕೊಂಡಳು, ಸಿಟ್ಟಿನಿಂದಲೇ ಮಗ್ಗುಲಾದಳು, ಸಿಟ್ಟಿನಲ್ಲೇ ನಿದ್ದೆ ಹೋದಳು. ಎಚ್ಚರವಾದಾಗ ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರಿತ್ತು. ಒಣಗಿದ ಬಟ್ಟೆಗಳನ್ನು ಯಾರೋ ಸೊಟ್ಟಸೊಟ್ಟ ಮಡಿಸಿ ಇಟ್ಟಿದ್ದರು. ಹಾಲು ಉಕ್ಕಿರಲಿಲ್ಲ, ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ. ಅವಳಿಲ್ಲದೆ ಒಂದು ಗಂಟೆ ಮನೆ ತನ್ನಷ್ಟಕ್ಕೆ ನಡೆದಿತ್ತು. ಮೊದಲು ಸ್ವಲ್ಪ ಕಸಿವಿಸಿಯಾಯಿತು. ಆಮೇಲೆ ಭುಜದಿಂದ ನೀರಿನ ಕೊಡ ಇಳಿಸಿದ ಹಾಗೆ ಹಗುರವೆನಿಸಿತು. ಬೆಲ್ಟು ಮಿಷಿನ್ನಿನ ಮೇಲೆ ಸುತ್ತಿಟ್ಟಿತ್ತು. ಆ ಸಂಜೆ ಅವಳು ಹೊಲಿದ ಹೊಲಿಗೆ ಗೆರೆ ಎಳೆದಷ್ಟು ನೇರವಾಗಿ ಬಂತು, ಕೆಲಸವೂ ಹೊತ್ತಿಗೆ ಮುಗಿಯಿತು. ರಾತ್ರಿ ಊಟಕ್ಕೆ ಅತ್ತೆಗೆ ಇಷ್ಟವೆಂದು ಎರಡು ಮೊಟ್ಟೆ ಹೆಚ್ಚು ಬೇಯಿಸಿದಳು.

ಮೂರನೆಯ ವಾರ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಒಂದು ಮಧ್ಯಾಹ್ನ ಅರೆನಿದ್ದೆಯಲ್ಲಿದ್ದಾಗ ಮೂಗಿನ ಹತ್ತಿರ ಏನೋ ಇದ್ದ ಹಾಗೆ ಅನ್ನಿಸಿತು. ರೆಪ್ಪೆಯ ಸಂದಿಯಿಂದ ನೋಡಿದಳು. ಸಾಸಿವೆ ಮೊಣಕಾಲೂರಿ ಕೂತು, ಉಸಿರು ಬಿಗಿಹಿಡಿದು, ಅಂಗೈಯನ್ನು ತಾಯಿಯ ಮೂಗಿನ ಮುಂದೆ ಹಿಡಿದಿದ್ದಳು. ಅಂಗೈಗೆ ಬಿಸಿಯುಸಿರು ತಾಕಿದ ಮೇಲೆ ತುದಿಗಾಲಲ್ಲಿ ಹಿಂದಕ್ಕೆ ಹೋದಳು. ಹತ್ತು ನಿಮಿಷಕ್ಕೆ ಮತ್ತೆ ಬಂದಳು.

ಅವತ್ತು ಸಂಜೆ ಮಗಳ ತಲೆ ಬಾಚುತ್ತ ದಿಂಬಿನಕ್ಕ ಮೆಲ್ಲಗೆ ಕೇಳಿದಳು. "ಮಧ್ಯಾಹ್ನ ನನ್ನ ಮುಖದ ಹತ್ರ ಏನು ಮಾಡ್ತಿದ್ದೆ ಕಂದಾ?"

"ನೊಣ ಇತ್ತು. ಓಡಿಸಿದೆ."

"ಬೇರೇನಾದ್ರೂ ಕೇಳೋದಿದ್ಯಾ?"

"ಬಾಚಣಿಗೆ ನೋಯ್ತಾ ಇದೆ. ಮೆತ್ತಗೆ ಬಾಚು."

ಅಲ್ಲಿಂದ ಮುಂದೆ ಅವಳು ಮಗಳನ್ನು ಗಮನಿಸತೊಡಗಿದಳು. ಮೊದಲೆಲ್ಲ ಗಬಗಬ ತಿಂದು ಓಡುತ್ತಿದ್ದವಳು ಈಗ ಮಧ್ಯಾಹ್ನದ ಊಟಕ್ಕೆ ಕೂತರೆ ಏಳುತ್ತಲೇ ಇರಲಿಲ್ಲ. ಒಂದೊಂದೇ ಅಗುಳು ಎತ್ತುವಳು. ನೀರು ಬೇಕು ಎನ್ನುವಳು, ಉಪ್ಪು ಬೇಕು ಎನ್ನುವಳು, ಬಟ್ಟಲು ಬದಲಿಸು ಎನ್ನುವಳು. ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲೆ. ಊಟ ಮುಗಿದರೆ ಅಮ್ಮ ಮಲಗುತ್ತಾಳೆ. ಆದ್ದರಿಂದ ಊಟ ಮುಗಿಯಬಾರದು.

ಮರುದಿನ ಗಂಡ ಪಾತ್ರೆ ಉಜ್ಜುತ್ತಿದ್ದಾಗ ದಿಂಬಿನಕ್ಕ ಹತ್ತಿರ ಹೋಗಿ, "ಇದೆಲ್ಲ ಸಾಕು ರೀ. ನಾಳೆಯಿಂದ ನಾನು ಮಲಗಲ್ಲ. ಮಗು ಬಾಡಿಹೋಗ್ತಾ ಇದೆ" ಎಂದಳು.

"ನೀನು ಈಗ ತಾನೇ ಚಿಗುರ್ತಿದ್ದೀಯ. ಕನ್ನಡಿ ನೋಡ್ಕೊಂಡಿದ್ದೀಯಾ? ಕಣ್ಣಿನ ಕೆಳಗಿನ ಕಪ್ಪು ಅರ್ಧ ಹೋಗಿದೆ."

"ನನ್ನ ಕಣ್ಣಿಗಿಂತ ಅವಳ ಊಟ ಮುಖ್ಯ ಅಲ್ವಾ?"

"ಹಾಗಾದ್ರೆ ಅವಳನ್ನ ಕೂರಿಸ್ಕೊಂಡು ಹೇಳು. ಏನೂ ಆಗಲ್ಲ ಅಂತ."

"ಅವಳು ಕೇಳದೆ ನಾನು ಏನಂತ ಹೇಳ್ಲಿ? ಕೇಳಿದ್ರೆ ನೊಣ ಅಂತಾಳೆ."

ಬಾಗಿಲ ಬಳಿ ನಿಂತಿದ್ದ ಅತ್ತೆ ಒಳಗೆ ಬಂದರು. "ಮಗು ಹೆದರ್ತು ಅಂತ ಮದ್ದು ನಿಲ್ಲಿಸ್ತಾರಾ? ನೀನು ಸುಮ್ನಿರು" ಎಂದು ಮಗನ ಕೈಯಿಂದ ತಟ್ಟೆ ತೆಗೆದುಕೊಂಡು, "ನಿನ್ನ ಪಾಳಿಗೆ ಹೊತ್ತಾಯ್ತು, ಹೋಗು" ಎಂದು ಅವನನ್ನು ಸಾಗಹಾಕಿದರು. ಸಾಸಿವೆ ಅಂಗಳದಲ್ಲಿ ಟೀಚರ ಮಗಳ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದಳು. ಅತ್ತೆ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದರು.

"ಹೆದರಿಸಿದ್ದು ನಾನೇ ಅಲ್ವಾ" ಎಂದರು. "ಒಂದೂವರೆ ವರ್ಷ ಕಂಬದ ಹಾಗೆ ಕೂತು ತೋರಿಸಿದ್ದೀನಿ, ಮಲಗೋದು ಅಪಾಯ ಅಂತ."

"ಅತ್ತೆ, ಯಾಕೆ ಹಾಗಂತೀರಾ?"

"ಆ ದಿನ ಮೂರು ಗಂಟೆಗೆ ಒಂದ್ಸಲ ಹೋಗಿ ನೋಡಿದ್ದೆ ಕಣಮ್ಮಾ. ಗೋಡೆ ಕಡೆ ತಿರುಗಿ ಮಲಗಿದ್ರು ನಿಮ್ಮ ಮಾವ. ಪಾಪ, ಮಲಗ್ಲಿ, ವಾರವೆಲ್ಲ ಆ ಶಾಲೆ ಗೇಟಲ್ಲಿ ಕಾವಲು ನಿಂತು ನಿಂತು ಕಾಲು ಬಾತಿದೆ ಅಂದ್ಕೊಂಡು ಸದ್ದು ಮಾಡದೆ ವಾಪಸ್ ಬಂದೆ. ಮೂವತ್ತು ವರ್ಷ ವಾರ್ಡಲ್ಲಿ ಎಲ್ಲರ ನಾಡಿ ಹಿಡಿದೋಳು ನಾನು. ಮನೇಲಿ ಹಿಡೀಲಿಲ್ಲ."

"ಡಾಕ್ಟರು ಹೇಳಿದ್ರಲ್ಲ ಅತ್ತೆ. ಮಲಗಿದ ಹತ್ತು ನಿಮಿಷದಲ್ಲೇ ಆಗಿತ್ತಂತೆ. ಎಬ್ಬಿಸಿದ್ರೂ ಏಳ್ತಿರಲಿಲ್ಲ."

"ಗೊತ್ತು. ಬೆನ್ನಿಗೆ ಗೊತ್ತಿಲ್ಲ. ಅದು ಬಗ್ಗಲ್ಲ ಅನ್ನುತ್ತೆ."

ದಿಂಬಿನಕ್ಕ ಅವರ ಕೈಯಿಂದ ತಟ್ಟೆ ತೆಗೆದು ಕೆಳಗಿಟ್ಟಳು. ಒದ್ದೆ ಕೈಗಳನ್ನು ತನ್ನ ಸೆರಗಿನಲ್ಲಿ ಒರೆಸಿದಳು. ತನಗಾಗಿ ದಿನಾ ಒಂದು ಗಂಟೆ ಆ ಸ್ಟೂಲಿನ ಮೇಲೆ ಕೂರಲು ಈ ಹೆಂಗಸಿಗೆ ಎಷ್ಟು ಕಷ್ಟವಾಗಿದ್ದಿರಬೇಕು ಎಂಬುದು ಅವಳಿಗೆ ಹೊಳೆದದ್ದು ಆಗಲೇ. ಮಲಗಿದ ಒಬ್ಬೊಬ್ಬರನ್ನೂ ನೋಡುತ್ತ, ಅವರು ಏಳುವವರೆಗೆ ನಿಮಿಷ ಎಣಿಸುತ್ತ ಕೂತಿದ್ದರು.

"ನಾಳೆ ನೀವು ಮಲಗಿ ಅತ್ತೆ. ನಾನು ಬಾಗಿಲಲ್ಲಿ ಕೂತ್ಕೋತೀನಿ."

"ನೀನು ಕೂತ್ರೆ ರೋಗಿ ಯಾರು?"

"ಹಾಗಾದ್ರೆ ಇಬ್ಬರೂ ಮಲಗೋಣ. ಬಾಗಿಲಿಗೆ ಚಿಲಕ ಇದೆ."

ಅತ್ತೆ ಅವಳ ಮುಖವನ್ನೇ ನೋಡಿದರು. "ಟೀಚರು ಜಿಪ್ಪು ತಂದ್ರೆ?"

"ಚಿಲಕಕ್ಕೇ ಹೇಳ್ಕೊಳ್ಲಿ."

ಮರುದಿನ ಸಾಸಿವೆ ಅಗುಳು ಎಣಿಸುತ್ತ ಊಟಕ್ಕೆ ಕೂತಿದ್ದಾಗಲೇ ಅತ್ತೆ ಬೀರುವಿನ ಹಿಂದಿನಿಂದ ಎರಡು ಚಾಪೆ ತಂದರು. ಒಂದು ಸೊಸೆಗೆ ಹಾಸಿದರು. ಅದರ ಪಕ್ಕದಲ್ಲಿ ಇನ್ನೊಂದನ್ನು ಬಿಡಿಸಿ, ಎರಡು ಸಲ ನೇರ ಮಾಡಿ, ಒಂದು ಸಲ ಕೊಡವಿ, ಕೊನೆಗೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಕೂತರು. ಕೂತವರು ಕಾಲು ಚಾಚಿದರು. ಚಾಚಿದವರು ಒಂದು ಗಳಿಗೆ ಹಾಗೇ ಉಳಿದು, ಆಮೇಲೆ ತಲೆಯನ್ನು ದಿಂಬಿಗಿಟ್ಟರು.

ಸಾಸಿವೆಯ ಕೈ ಬಟ್ಟಲಲ್ಲೇ ನಿಂತಿತು.

"ಅಜ್ಜೀ, ನೀನೂನಾ?"

"ಹ್ಞೂಂ. ನಾನೂ ಮನುಷ್ಯಳೇ. ಊಟ ಮುಗಿಸು. ಬಟ್ಟಲು ತೊಳೆದಿಡು. ಎರಡನೇ ನೀರು ಮರೀಬೇಡ, ನಿಮ್ಮಪ್ಪನ ಹಾಗೆ."

ಗಂಡ ಆ ದಿನ ದೂರದ ರೂಟಿಗೆ ಹೋಗಿದ್ದ. ಮನೆಯಲ್ಲಿ ಮೂವರೇ. ದಿಂಬಿನಕ್ಕ ಮಲಗಿ ಅತ್ತೆಯ ಬೆನ್ನನ್ನೇ ನೋಡುತ್ತಿದ್ದಳು. ಮೊದಲು ಹಲಗೆಯ ಹಾಗಿತ್ತು. ಬಹಳ ಹೊತ್ತಿನ ಮೇಲೆ ಹೆಗಲು ಇಳಿಯಿತು, ಬೆರಳು ಸಡಿಲವಾಯಿತು. ಆಮೇಲೆ ಶುರುವಾಯಿತು ಗೊರಕೆ. ಮಗನಿಗೆ ಅದು ಎಲ್ಲಿಂದ ಬಂದಿತ್ತು ಎಂಬುದರಲ್ಲಿ ಇನ್ನು ಅನುಮಾನವೇ ಉಳಿಯಲಿಲ್ಲ.

ಅಡುಗೆಮನೆಯಿಂದ ಬಟ್ಟಲು ಇಟ್ಟ ಸದ್ದು ಬಂತು. ಸಾಸಿವೆ ಬಂದು ಇಬ್ಬರ ತಲೆದೆಸೆಯಲ್ಲಿ ನಿಂತಳು. ಅಜ್ಜಿಯ ಕಡೆ ನೋಡಿದಳು. ಗೊರ್ ಎಂದು ಎಳೆದ ಉಸಿರು ನಡುವೆ ತಡೆದು ನಿಂತಾಗ ಅವಳೂ ತಡೆದು ನಿಂತಳು, ಅದು ಬಿಟ್ಟಾಗ ತಾನೂ ಬಿಟ್ಟಳು. ಆಮೇಲೆ ತಾಯಿಯ ಮೂಗಿನ ಕಡೆ ಅಂಗೈ ಚಾಚಿದಳು.

ದಿಂಬಿನಕ್ಕ ಈ ಸಲ ಕಣ್ಣು ಮುಚ್ಚಿಕೊಂಡಿರಲಿಲ್ಲ. ಆ ಕೈಯನ್ನು ಹಿಡಿದುಕೊಂಡಳು. ಅದಕ್ಕೆ ಇನ್ನೂ ಪಾತ್ರೆ ಸೋಪಿನ ವಾಸನೆಯಿತ್ತು. ಅವಳು ಏಳಲಿಲ್ಲ, "ಏನು" ಎಂದು ಕೇಳಲೂ ಇಲ್ಲ. ಆಚೆ ಕಡೆಗೆ ಒಂದಿಷ್ಟು ಸರಿದು, ಅತ್ತೆಗೂ ತನಗೂ ನಡುವೆ ಜಾಗ ಮಾಡಿದಳು. ಸಾಸಿವೆ ಸ್ವಲ್ಪ ಹೊತ್ತು ಆ ಜಾಗವನ್ನು ಅಳೆಯುವವಳ ಹಾಗೆ ನೋಡಿದಳು. ಮೊದಲು ಕೂತಳು. ಕೂತು ಕೂತು, ಕೊನೆಗೆ ಮೊಣಕೈ ಊರಿ ಅಡ್ಡಾದಳು.

ಹಗಲಿನಲ್ಲಿ ಮಗಳ ಪಕ್ಕ ಹೀಗೆ ಮಲಗಿ ಎಷ್ಟು ಕಾಲವಾಗಿತ್ತು! ಯಾವತ್ತೂ ಒಂದು ಕೈ ಒಲೆಯ ಮೇಲೆ, ಇನ್ನೊಂದು ಕೈ ಬಟ್ಟೆಯ ಮೇಲೆ. ಮಗು ಏನು ಕೇಳಿದರೂ "ಆಮೇಲೆ, ಆಮೇಲೆ" ಎನ್ನುವುದೇ ಆಗಿತ್ತು. ಇವತ್ತು ಕೈಯಲ್ಲಿ ಕೆಲಸವಿಲ್ಲ, ಬಾಗಿಲಿಗೆ ಚಿಲಕವಿದೆ. ಇಡೀ ಒಂದು ಗಂಟೆ ತನ್ನದು, ಅದನ್ನು ತನ್ನ ಕೈಗಿಟ್ಟ ಹೆಂಗಸು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾರೆ. ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ಅವಳು ಮಗಳ ಕೂದಲಲ್ಲಿ ಬೆರಳಾಡಿಸಿದಳು.

"ಅಮ್ಮಾ."

"ಹ್ಞಾಂ."

"ವಾರ್ಡ್ ಹೊತ್ತಲ್ಲಿ ಪ್ರಶ್ನೆ ಕೇಳೋ ಹಾಗಿಲ್ಲ ಅಲ್ವಾ?"

"ಕೇಳಬಹುದು. ಅದಕ್ಕೇ ಈ ಹೊತ್ತು ಇರೋದು."

ಸಾಸಿವೆ ಸೂರನ್ನು ನೋಡುತ್ತ ಮಲಗಿದ್ದಳು. ಅವಳ ಎದೆ ಏರುವುದು, ಇಳಿಯುವುದು ದಿಂಬಿನಕ್ಕನ ತೋಳಿಗೆ ತಿಳಿಯುತ್ತಿತ್ತು. ಅವಸರ ಮಾಡಲಿಲ್ಲ. ಮಗಳು ತಾಯಿಯ ಕಡೆ ಮಗ್ಗುಲಾಗಿ, ಬಾಯಿಯನ್ನು ಅವಳ ಕಿವಿಯ ಹತ್ತಿರ ತಂದು, ಅಷ್ಟು ದಿನದಿಂದ ಅಗುಳಿನ ಜೊತೆ ನುಂಗುತ್ತಿದ್ದುದನ್ನು ಕೊನೆಗೂ ಕೇಳಿದಳು.

"ತಾತ ಮಲಗಿದ್ದಕ್ಕೆ ಸತ್ತೋದ್ರಾ ಅಮ್ಮಾ, ಇಲ್ಲಾ ಸಾಯೋ ಹೊತ್ತಿಗೆ ಸುಮ್ಮನೆ ಮಲಗಿದ್ರಾ?"